ನಿದ್ದೆಯಲ್ಲಿ ಏರಿದ ಲೆವೆಲ್ ಯಾರದು?

ಶವ್ವಾಲ್ ತಿಂಗಳ ಎರಡನೇ ಜುಮಾದಂದು ಖುತ್ಬಾಕ್ಕೆ ಮುಂಚಿನ ಪ್ರವಚನದಲ್ಲಿ ನಾನು ಕಂಪ್ಯೂಟರ್ ಆಟಗಳ ಬಗ್ಗೆ ಮಾತೆತ್ತಿದಾಗ ಮುಂದಿನ ಸಾಲಿನ ಹಿರಿಯರು ಪರಸ್ಪರ ಮುಖ ನೋಡಿಕೊಂಡರು. ಹಿಂದಿನ ಸಾಲಿನ ಹುಡುಗರು ಮಾತ್ರ ತಲೆಯೆತ್ತಿ ನೆಟ್ಟಗೆ ಕುಳಿತರು. ನಮಾಝ್ ಮುಗಿದ ಮೇಲೆ ಒಬ್ಬ ಹಿರಿಯರು, "ಉಸ್ತಾದರೇ, ಆಟ ಬಿಟ್ಟುಬಿಡಿ ಎಂದು ಒಂದೇ ಮಾತಿನಲ್ಲಿ ಹೇಳಿದ್ದರೆ ಸಾಕಿತ್ತಲ್ಲ, ಅರ್ಧ ಗಂಟೆ ಯಾಕೆ?" ಎಂದು ಕೇಳಿದರು. ಆ ಅರ್ಧ ಗಂಟೆ ಯಾಕೆ ಬೇಕಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಅಂದು ಸಮಯ ಸಾಲದೆ ಬಿಟ್ಟ ಮಾತುಗಳೂ ಇದರಲ್ಲಿ ಸೇರಿವೆ.

ವಿಷಯ ಶುರುವಾದದ್ದು ಒಂದು ಹಣದ ಜಗಳದಿಂದ. ನಮ್ಮ ಜಮಾಅತಿನ ಒಬ್ಬ ಡಿಗ್ರಿ ವಿದ್ಯಾರ್ಥಿ ಆನ್‌ಲೈನ್ ಆಟವೊಂದರಲ್ಲಿ ಬೆಳೆಸಿದ ಪಾತ್ರವನ್ನು, ಅಂದರೆ ಆ ಪಾತ್ರವಿರುವ ಅಕೌಂಟನ್ನು, ಜುಬೈಲ್‌ನಲ್ಲಿ ಕೆಲಸದಲ್ಲಿರುವ ತನ್ನ ದೊಡ್ಡಪ್ಪನ ಮಗನಿಗೆ 14,000 ರೂಪಾಯಿಗೆ ಮಾರಿದ್ದ. ಮೂರು ವಾರ ಕಳೆಯುವಷ್ಟರಲ್ಲಿ ಆಟದ ಕಂಪನಿ ಆ ಅಕೌಂಟನ್ನು ಶಾಶ್ವತವಾಗಿ ಮುಚ್ಚಿಬಿಟ್ಟಿತು. ಆ ಪಾತ್ರವನ್ನು ಬೆಳೆಸಿದ್ದು ಮನುಷ್ಯನಲ್ಲ, 'ಬಾಟ್' ಎಂಬ ಪ್ರೋಗ್ರಾಂ ಎಂದು ಅವರಿಗೆ ಗೊತ್ತಾಗಿತ್ತು. ಅಣ್ಣ ಹಣ ವಾಪಸು ಕೇಳಿದ. "ಕೊಡಬೇಕಾದ್ದನ್ನು ಕೊಟ್ಟಾಗಿದೆ, ಮುಚ್ಚಿದ್ದು ಕಂಪನಿ, ನಾನಲ್ಲ" ಎಂದ ತಮ್ಮ. ಹಣದಲ್ಲಿ 6,000 ರೂಪಾಯಿ ಆಗಲೇ ಕಾಲೇಜು ಫೀಸಿಗೆ ಹೋಗಿತ್ತು. ಎರಡೂ ಮನೆಯ ಉಮ್ಮಂದಿರು ಮಾತು ಬಿಟ್ಟರು. ಈದ್‌ನ ದಿನ ಒಂದು ಮನೆಯ ತಿಂಡಿ ಇನ್ನೊಂದು ಮನೆಗೆ ಹೋಗಲಿಲ್ಲ. ಆಮೇಲೆ ಎರಡೂ ಕಡೆಯವರು ನನ್ನ ಬಳಿ ಬಂದರು.

ಲೆವೆಲ್ ಎಂದರೇನು, ಬಾಟ್ ಎಂದರೇನು ಎಂಬುದೇ ನನಗೆ ತಿಳಿದಿರಲಿಲ್ಲ. ಒಂದು ವಿಷಯದ ಸ್ವರೂಪ ಅರಿಯದೆ ಅದರ ವಿಧಿ ಹೇಳಬಾರದು ಎಂದು ಮದ್ರಸದಲ್ಲಿ ನಮ್ಮ ಗುರುಗಳು ಕಲಿಸಿದ್ದರು. ಆದ್ದರಿಂದ ಹುಡುಗನಿಗೇ, "ನಿನ್ನ ಲ್ಯಾಪ್‌ಟಾಪ್ ತಾ, ನನಗೆ ತೋರಿಸು" ಎಂದೆ. ಅಸರ್ ನಮಾಝಿನ ನಂತರ ಮಸೀದಿಯ ಪಕ್ಕದ ಕೋಣೆಯಲ್ಲಿ ಎರಡು ದಿನ ಕುಳಿತು ನೋಡಿದೆ.

ಈ ಬಗೆಯ ಆಟಗಳಲ್ಲಿ ಬೇರೆ ಬೇರೆ ಊರು, ದೇಶಗಳ ಸಾವಿರಾರು ಜನ ಒಂದೇ ಲೋಕದೊಳಗೆ ಇರುತ್ತಾರೆ. ಪ್ರತಿಯೊಬ್ಬನಿಗೂ ಅಲ್ಲಿ ಒಂದು ಪಾತ್ರ. ಆ ಪಾತ್ರ ಮೃಗಗಳನ್ನು ಬೇಟೆಯಾಡುತ್ತದೆ, ಮೀನು ಹಿಡಿಯುತ್ತದೆ, ಅದಿರು ಅಗೆಯುತ್ತದೆ, ಸಿಕ್ಕಿದ್ದನ್ನು ಅಲ್ಲಿನ ಸಂತೆಯಲ್ಲಿ ಮಾರುತ್ತದೆ. ಮಾಡಿದ ಪ್ರತಿ ಕೆಲಸಕ್ಕೂ ಅಂಕ. ಅಂಕ ಕೂಡಿದಂತೆ ಲೆವೆಲ್ ಏರುತ್ತದೆ. ಮೊದಲ ಲೆವೆಲ್‌ಗಳು ಒಂದೇ ಸಂಜೆಯಲ್ಲಿ ಮುಗಿದರೆ, ಮೇಲಿನ ಒಂದೊಂದಕ್ಕೂ ದಿನಗಳು, ವಾರಗಳು ಬೇಕು. ಅಂದರೆ ಯಾರದಾದರೂ ಹೆಸರಿನ ಪಕ್ಕ ದೊಡ್ಡ ಸಂಖ್ಯೆ ಕಂಡರೆ, "ಈ ಮನುಷ್ಯ ಇಲ್ಲಿ ಇಷ್ಟು ಹೊತ್ತು ಕಳೆದಿದ್ದಾನೆ, ಇಷ್ಟು ಕಲಿತಿದ್ದಾನೆ" ಎಂದು ಉಳಿದವರು ಓದಿಕೊಳ್ಳುತ್ತಾರೆ. ಆ ಲೋಕದಲ್ಲಿ ಆ ಸಂಖ್ಯೆಯೇ ಅವನ ಮಾತು.

ಬಾಟ್ ಅಂದರೆ ಆ ಹೊತ್ತನ್ನು ನಮ್ಮ ಬದಲಿಗೆ ಕಳೆಯುವ ಪ್ರೋಗ್ರಾಂ. ಪರದೆಯ ಮೇಲೆ ಎಲ್ಲಿ ಮೃಗವಿದೆ, ಚೀಲ ತುಂಬಿತೇ, ಜೀವ ಎಷ್ಟು ಉಳಿದಿದೆ ಎಂಬುದನ್ನು ಅದೇ ಓದಿಕೊಂಡು, ಮೌಸನ್ನು ಅದೇ ಆಡಿಸುತ್ತದೆ. ಹುಡುಗ ಇಶಾ ನಮಾಝಿನ ನಂತರ ಅದನ್ನು ಚಾಲು ಮಾಡಿ ಮಲಗುತ್ತಿದ್ದ. ಸುಬಹ್‌ಗೆ ಎದ್ದಾಗ ಪಾತ್ರ ಏಳೆಂಟು ಗಂಟೆಯ ದುಡಿಮೆ ಮುಗಿಸಿರುತ್ತಿತ್ತು. ನಾಲ್ಕು ತಿಂಗಳು ಹೀಗೇ ನಡೆದಿದೆ. (ಕರೆಂಟ್ ಬಿಲ್ ಕಟ್ಟಿದ್ದು ಅವನ ತಂದೆ. ರಿಕ್ಷಾ ಓಡಿಸುವ ಆ ಮನುಷ್ಯ, "ಬಿಲ್ ಯಾಕೆ ಏರಿತು ಅಂತ ಈಗ ಗೊತ್ತಾಯಿತು" ಎಂದಷ್ಟೇ ಹೇಳಿದರು.)

ನೋಡುತ್ತಾ ಕುಳಿತಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಯಂತ್ರಕ್ಕೆ ದಣಿವಿಲ್ಲ, ಆದರೂ ಆ ಪಾತ್ರ ಮಧ್ಯೆ ಮಧ್ಯೆ ಕೆಲಸ ನಿಲ್ಲಿಸಿ ಸುಮ್ಮನೆ ನಿಲ್ಲುತ್ತಿತ್ತು. ಮೌಸಿನ ಬಾಣವೂ ನೇರವಾಗಿ ಹೋಗದೆ ಸ್ವಲ್ಪ ಓರೆಯಾಗಿ, ಕೈ ನಡುಗಿದಂತೆ ಹೋಗುತ್ತಿತ್ತು. ಒಮ್ಮೆ ಗುರಿ ತಪ್ಪಿ ಪಕ್ಕದಲ್ಲಿ ಒತ್ತಿ, ಮತ್ತೆ ಸರಿ ಜಾಗಕ್ಕೆ ಬಂತು.

"ಇದಕ್ಕೆ ಏನಾಗಿದೆ?" ಎಂದೆ.

"ಏನೂ ಆಗಿಲ್ಲ ಉಸ್ತಾದ್. ಮನುಷ್ಯರ ಥರ ಕಾಣಲಿ ಅಂತ ಹಾಗೆ ಬರೆದಿರುವುದು. ಇಲ್ಲದಿದ್ದರೆ ಹಿಡಿಯುತ್ತಾರೆ."

ಆ ಉತ್ತರ ಕೇಳಿದ ಮೇಲೆ ನನಗೆ ಹೆಚ್ಚು ಪುಸ್ತಕ ತೆರೆಯಬೇಕಾಗಲಿಲ್ಲ. ಪುಣ್ಯವೆಂದರೇನು, ಪಾಪವೆಂದರೇನು ಎಂದು ನವ್ವಾಸ್ ಬಿನ್ ಸಮ್‌ಆನ್(ರ) ಕೇಳಿದಾಗ ಪ್ರವಾದಿ(ಸ) ಕೊಟ್ಟ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿದೆ. ಮನಸ್ಸಿನೊಳಗೆ ಚುಚ್ಚುವಂಥದ್ದು, ಜನರಿಗೆ ಗೊತ್ತಾಗಬಾರದು ಎಂದು ನೀನು ಬಯಸುವಂಥದ್ದು ಪಾಪ ಎಂಬುದು ಅದರ ಸಾರ. ಯಂತ್ರದಿಂದ ಕೆಲಸ ಮಾಡಿಸಿದ್ದರಲ್ಲಿ ಪಾಪವಿಲ್ಲ. ನಾವು ಬಟ್ಟೆ ಒಗೆಯುವುದನ್ನೂ ಅಡಿಕೆ ಸುಲಿಯುವುದನ್ನೂ ಯಂತ್ರಕ್ಕೆ ಬಿಟ್ಟಿದ್ದೇವೆ. ಆದರೆ ಒಗೆಯುವ ಯಂತ್ರಕ್ಕೆ ಕೈಯಲ್ಲಿ ಒಗೆದಂತೆ ನಟಿಸಲು ಯಾರೂ ಕಲಿಸುವುದಿಲ್ಲ. ಈ ಹುಡುಗನ ಪ್ರೋಗ್ರಾಮಿನಲ್ಲಿ ಆಟ ಆಡುವುದಕ್ಕೆ ಬರೆದ ಸಾಲುಗಳಿಗಿಂತ ಮನುಷ್ಯನಂತೆ ನಟಿಸುವುದಕ್ಕೆ ಬರೆದ ಸಾಲುಗಳೇ ಹೆಚ್ಚಿದ್ದವು. ಅದನ್ನು ಅವನೇ ಎಣಿಸಿ ತೋರಿಸಿದ, ಸ್ವಲ್ಪ ಹೆಮ್ಮೆಯಿಂದಲೇ.

ಈ ಪ್ರಶ್ನೆ ಒಮ್ಮೆ ಅಮೆರಿಕದ ನ್ಯಾಯಾಲಯದವರೆಗೂ ಹೋಗಿದೆ. 2004ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಎಂಬ ಕಂಪನಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟವನ್ನು ಹೊರತಂದಿತು. ಮರು ವರ್ಷ ಮಾರ್ಚ್‌ನಲ್ಲಿ ಮೈಕೆಲ್ ಡಾನಲಿ ಎಂಬ ಪ್ರೋಗ್ರಾಮರ್, ಅವನೂ ಆ ಆಟದ ಆಟಗಾರನೇ, ಕೆಳಗಿನ ಲೆವೆಲ್‌ಗಳನ್ನು ತಾನಾಗಿ ಆಡುವ 'ಗ್ಲೈಡರ್' ಎಂಬ ಬಾಟನ್ನು ತನ್ನ ಸ್ವಂತ ಬಳಕೆಗೆ ಬರೆದುಕೊಂಡ. ಕೆಲವು ತಿಂಗಳ ನಂತರ ಅದನ್ನು 15ರಿಂದ 25 ಡಾಲರ್‌ಗೆ ಮಾರತೊಡಗಿದ. ಮಾರುವುದಕ್ಕೆ ಮೊದಲು ಕಂಪನಿಯ ಷರತ್ತುಗಳನ್ನು ಓದಿ ನೋಡಿದ್ದ. ಅವುಗಳಲ್ಲಿ ಬಾಟ್‌ಗೆ ಸ್ಪಷ್ಟ ನಿಷೇಧವಿಲ್ಲ ಎಂದು ಅವನಿಗೆ ತೋರಿತ್ತು. ಇಲ್ಲಿಯವರೆಗೆ ನಾನು ಅವನ ಮೇಲೆ ದೊಡ್ಡ ತಪ್ಪು ಹೊರಿಸಲಾರೆ. 'ನಾನು ಒಪ್ಪುತ್ತೇನೆ' ಎಂಬ ಗುಂಡಿ ಒತ್ತುವ ಮುನ್ನ ಷರತ್ತು ಓದುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ಅವನು ಓದಿದ್ದ.

2005ರ ಸೆಪ್ಟೆಂಬರ್‌ನಲ್ಲಿ ಕಂಪನಿ 'ವಾರ್ಡನ್' ಎಂಬ ಕಾವಲು ಪ್ರೋಗ್ರಾಮನ್ನು ತಂದು, ಗ್ಲೈಡರ್ ಬಳಸುತ್ತಿದ್ದ ಹೆಚ್ಚಿನವರ ಅಕೌಂಟ್‌ಗಳನ್ನು ಮುಚ್ಚಿತು. ಬಾಗಿಲು ಹಾಕಿದೆ ಎಂಬುದು ಈಗ ಎಲ್ಲರಿಗೂ ಗೊತ್ತಾದಂತಾಯಿತು. ಡಾನಲಿ ಮಾರಾಟ ನಿಲ್ಲಿಸಲಿಲ್ಲ. ಕಾವಲುಗಾರನ ಕಣ್ಣಿಗೆ ಬೀಳದಂತೆ ಗ್ಲೈಡರ್ ಅನ್ನು ಬದಲಿಸಿದ. ಇನ್ನೂ ಚೆನ್ನಾಗಿ ಅಡಗಿಕೊಳ್ಳುವ ಸೌಲಭ್ಯಕ್ಕೆ ತಿಂಗಳಿಗೆ ಐದು ಡಾಲರ್ ಬೇರೆ ಪಡೆಯತೊಡಗಿದ. ಆ ದಿನದಿಂದ ಅವನು ಮಾರುತ್ತಿದ್ದದ್ದು ಆಟದ ಸಲಕರಣೆಯಲ್ಲ, ಅಡಗಿಸುವ ಕೆಲಸ. 2008ರ ಹೊತ್ತಿಗೆ 1,20,000 ಗ್ಲೈಡರ್ ಲೈಸೆನ್ಸ್‌ಗಳು ಮಾರಾಟವಾಗಿದ್ದವು. ಬಾಟ್‌ಗಳ ಕುರಿತು ಆಟಗಾರರಿಂದ ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ 4,65,000 ದೂರುಗಳು ಬಂದಿವೆ ಎಂದು ಕಂಪನಿ ನ್ಯಾಯಾಲಯಕ್ಕೆ ಹೇಳಿತು. ಈ ಸಂಖ್ಯೆಯನ್ನು ಗಮನಿಸಬೇಕು. ದೂರು ಕೊಟ್ಟವರು ಕಂಪನಿಯ ನೌಕರರಲ್ಲ, ಪಕ್ಕದಲ್ಲಿ ಆಡುತ್ತಿದ್ದ ಜನ.

2010ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ನನಗೆ ನಮ್ಮ ಫಿಕ್ಹ್ ಪುಸ್ತಕಗಳನ್ನು ನೆನಪಿಸಿತು, ಅಷ್ಟು ನವಿರಾಗಿ ಬಿಡಿಸಿ ಹೇಳಿದ್ದಾರೆ. ಬಾಟ್ ಓಡಿಸುವುದು ಕೃತಿಸ್ವಾಮ್ಯದ ಕಳವಲ್ಲ. ಅದು ಒಪ್ಪಂದದ ಉಲ್ಲಂಘನೆ. ಆದರೆ ಕಾವಲು ತಪ್ಪಿಸುವ ಸಾಧನ ಮಾರಿದ್ದು ಬೇರೆಯೇ ತಪ್ಪು, ಅದಕ್ಕೆ ಕಾನೂನು ಅಡ್ಡವಿದೆ. ಕಳ್ಳತನ ಬೇರೆ, ಕೊಟ್ಟ ಮಾತು ಮುರಿಯುವುದು ಬೇರೆ, ಮುರಿದದ್ದನ್ನು ಮುಚ್ಚಿಡುವುದು ಬೇರೆ. "ಕಳ್ಳತನ ಅಲ್ಲವಲ್ಲ" ಎಂದು ಹೇಳಿ ಉಳಿದ ಎರಡರಿಂದ ತಪ್ಪಿಸಿಕೊಳ್ಳಲಾಗದು. ಒಪ್ಪಂದಗಳನ್ನು ಪೂರ್ಣಗೊಳಿಸಬೇಕೆಂಬ ಆಜ್ಞೆಯೊಂದಿಗೇ ಸೂರಃ ಅಲ್ ಮಾಇದಃ ಆರಂಭವಾಗುತ್ತದೆ. ಎದುರು ಪಕ್ಷ ಮುಸ್ಲಿಮನೇ, ಕಂಪನಿಯೇ, ಎಷ್ಟು ಶ್ರೀಮಂತ ಎಂಬ ವಿನಾಯಿತಿಯನ್ನು ಅಲ್ಲಿ ಇಟ್ಟಿಲ್ಲ.

"ಆದರೆ ಯಾರಿಗೆ ನಷ್ಟ?" ಹುಡುಗ ಮೊದಲ ದಿನವೇ ಕೇಳಿದ ಪ್ರಶ್ನೆ ಇದು. "ನಾನು ಯಾರ ಜೇಬಿಗೂ ಕೈ ಹಾಕಿಲ್ಲ. ನನ್ನ ಲ್ಯಾಪ್‌ಟಾಪ್, ನನ್ನ ಅಕೌಂಟ್." ನಾನು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದ್ದು ಇಷ್ಟು ವರ್ಷಗಳ ನಂತರ ಇಲ್ಲಿ ಉಪಯೋಗಕ್ಕೆ ಬಂತು.

ಆಟದ ಲೋಕದಲ್ಲಿ ಮೃಗವೊಂದನ್ನು ಕೊಂದಾಗ ನಾಣ್ಯ ಸಿಗುತ್ತದೆ. ಆ ನಾಣ್ಯ ಇನ್ನೊಬ್ಬನ ಕೈಯಿಂದ ಬಂದದ್ದಲ್ಲ, ಆ ಕ್ಷಣದಲ್ಲಿ ಹೊಸದಾಗಿ ಹುಟ್ಟಿದ್ದು. ಮನುಷ್ಯ ಆಡಿದರೆ ಊಟಕ್ಕೆ ಏಳುತ್ತಾನೆ, ಮಲಗುತ್ತಾನೆ, ಬೇಸರವಾಗಿ ಎದ್ದು ಹೋಗುತ್ತಾನೆ. ಬಾಟ್ ಹಗಲಿರುಳು ನಾಣ್ಯ ಟಂಕಿಸುತ್ತಲೇ ಇರುತ್ತದೆ. ನಾಣ್ಯ ಹೆಚ್ಚಾದಂತೆ ಅಪರೂಪದ ವಸ್ತುಗಳ ಬೆಲೆ ಏರುತ್ತದೆ. ಇನ್ನೊಂದು ಕಡೆ, ಬಾಟ್‌ಗಳು ರಾಶಿ ರಾಶಿ ತಂದು ಸುರಿಯುವ ಮೀನು, ಅದಿರು, ಮರದ ಬೆಲೆ ಕುಸಿಯುತ್ತದೆ. ಹೊಸದಾಗಿ ಬಂದ ಹುಡುಗನೊಬ್ಬ ಸಂಜೆಯಿಡೀ ಗಾಳ ಹಾಕಿ ಹಿಡಿದ ಮೀನಿಗೆ ಸಂತೆಯಲ್ಲಿ ಬೆಲೆಯೇ ಇರುವುದಿಲ್ಲ, ಅವನು ಕೊಳ್ಳಬೇಕಾದ ಕತ್ತಿಯ ಬೆಲೆ ಮಾತ್ರ ದಿನೇ ದಿನೇ ಮೇಲೆ ಹೋಗುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಲೈಟ್ ಫಿಶಿಂಗ್ ನಿಷೇಧಿಸಿದ್ದರೂ ರಾತ್ರಿ ದೀಪ ಬೆಳಗಿಸಿ ಬಾಚುವ ದೋಣಿಯ ವಿರುದ್ಧ ನಾಡದೋಣಿಯವರು ಯಾಕೆ ಬೀದಿಗಿಳಿದರು ಎಂಬುದು ಗೊತ್ತು. ಅವರ ಸಿಟ್ಟು ಎಂಜಿನ್ನಿನ ಮೇಲಲ್ಲ. ಕಡಲು ಎಲ್ಲರದು, ನಿಯಮವೂ ಎಲ್ಲರಿಗೆ ಎಂಬುದಷ್ಟೇ ಅವರ ಮಾತು.

ಇದರ ಗಾತ್ರ ಎಷ್ಟೆಂದು ತಿಳಿಯಲು ಎರಡು ಉದಾಹರಣೆ ಸಾಕು. 'ಈವ್ ಆನ್‌ಲೈನ್' ಎಂಬ ಐಸ್‌ಲೆಂಡ್‌ನ ಆಟದಲ್ಲಿ 2009ರಲ್ಲಿ ಸುಮಾರು ಆರು ಸಾವಿರ ಅಕೌಂಟ್‌ಗಳನ್ನು ಒಟ್ಟಿಗೆ ಮುಚ್ಚಿದರು. ಒಟ್ಟು ಸಕ್ರಿಯ ಅಕೌಂಟ್‌ಗಳಲ್ಲಿ ಅವು ಶೇಕಡಾ 2 ಮಾತ್ರ. ಆದರೆ ಅವು ಹೋದ ಮೇಲೆ ಸರ್ವರ್‌ಗಳ ಮೇಲಿನ ಭಾರ ಶೇಕಡಾ 30ರಷ್ಟು ಇಳಿಯಿತು ಎಂದು ಕಂಪನಿ ಲೆಕ್ಕ ಕೊಟ್ಟಿತು. ಇಂಗ್ಲೆಂಡಿನ 'ರೂನ್‌ಸ್ಕೇಪ್' ಆಟದಲ್ಲಿ 2011ರ ಅಕ್ಟೋಬರ್‌ನ ಒಂದೇ ದಿನ 15 ಲಕ್ಷ ಅಕೌಂಟ್‌ಗಳನ್ನು ಬಾಟ್ ಎಂದು ಮುಚ್ಚಲಾಯಿತು. ಅಲ್ಲಿದ್ದ ಒಬ್ಬ ಸಾಮಾನ್ಯ ಹುಡುಗನ ಸ್ಥಿತಿ ಊಹಿಸಿಕೊಳ್ಳಿ. ತನ್ನ ಸುತ್ತ ಮರ ಕಡಿಯುತ್ತಿದ್ದವರಲ್ಲಿ ಎಷ್ಟು ಜನ ನಿಜವಾಗಿ ಜನರಾಗಿದ್ದರು?

ಇದೇ ರೂನ್‌ಸ್ಕೇಪ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ವೆನೆಝುವೆಲಾದ ಹಣ ಕಾಗದದ ಚೂರಿನಂತಾದಾಗ ಅಲ್ಲಿನ ಅನೇಕ ಯುವಕರು ದಿನವಿಡೀ ಈ ಆಟ ಆಡಿ, ಆಟದ ಚಿನ್ನವನ್ನು ಹೊರಗಿನವರಿಗೆ ಡಾಲರ್‌ಗೆ ಮಾರಿ ಮನೆಗೆ ಅಕ್ಕಿ, ಹಿಟ್ಟು ತಂದರು. ಆಟದ ನಿಯಮದ ಪ್ರಕಾರ ಅದೂ ತಪ್ಪೇ. ಹಸಿವಿನಿಂದ ಹಾಗೆ ಮಾಡಿದವನ ಬಗ್ಗೆ ತೀರ್ಪು ಹೇಳಲು ನನಗೆ ಮನಸ್ಸು ಬರುವುದಿಲ್ಲ, ಅದನ್ನು ಅಲ್ಲಾಹನಿಗೆ ಬಿಡುತ್ತೇನೆ. ಆದರೆ ಇದನ್ನು ಹುಡುಗನಿಗೆ ಹೇಳಲು ಕಾರಣವಿತ್ತು. ಬೆರಳು ನೋಯುವ ತನಕ ಆಡಿ ಚಿನ್ನ ಕೂಡಿಸಿದವನ ಸರಕಿನ ಬೆಲೆ ಇಳಿಸಿದ್ದು ನಿದ್ದೆಹೋದವರ ಬಾಟ್‌ಗಳೇ. "ಯಾರಿಗೆ ನಷ್ಟ" ಎಂದು ನಾವು ಕೇಳುವಾಗ ಆ 'ಯಾರು' ನಮ್ಮ ಕಣ್ಣಿಗೆ ಕಾಣದ ಊರಿನಲ್ಲಿರಬಹುದು.

ಎರಡನೇ ದಿನ ಅವನು ಗಟ್ಟಿಯಾದ ಒಂದು ವಾದ ತಂದ. "ಉಸ್ತಾದ್, ಕಂಪನಿಯೇ ಲೆವೆಲ್ ಮಾರುತ್ತದೆಯಲ್ಲ?" ನಿಜ. 2014ರಲ್ಲಿ ಬ್ಲಿಝಾರ್ಡ್ ಕಂಪನಿಯೇ 60 ಡಾಲರ್ ಕೊಟ್ಟವರ ಪಾತ್ರವನ್ನು ಒಂದೇ ಏಟಿಗೆ 90ನೇ ಲೆವೆಲ್‌ಗೆ ಏರಿಸಿಕೊಡುವ ವ್ಯವಸ್ಥೆ ತಂದಿತು. ಕೆಲವು ಕಂಪನಿಗಳು ಆಟವನ್ನು ಬೇಕೆಂದೇ ಬೇಸರ ಹುಟ್ಟಿಸುವಷ್ಟು ಉದ್ದ ಮಾಡಿ, ಆ ಬೇಸರದಿಂದ ತಪ್ಪಿಸಿಕೊಳ್ಳುವ ದಾರಿಯನ್ನು ತಾವೇ ಮಾರುತ್ತವೆ. ಅಳತೆಯಲ್ಲಿ ಮೋಸ ಮಾಡುವವರಿಗೆ ಕುರ್‌ಆನ್ ಕೊಟ್ಟ ಎಚ್ಚರಿಕೆ ಅವರಿಗೂ ತಟ್ಟುತ್ತದೆ ಎಂಬುದೇ ನನ್ನ ಅಭಿಪ್ರಾಯ. ಅಂಥ ಆಟಕ್ಕೆ ಸರಿಯಾದ ಉತ್ತರ ಅದನ್ನು ಬಿಟ್ಟು ಬರುವುದು, ಒಳಗಿದ್ದು ಸುಳ್ಳು ಹೇಳುವುದಲ್ಲ. ಮತ್ತೆ, ಕಂಪನಿ ಬಹಿರಂಗವಾಗಿ ಮಾರಿದ ಲೆವೆಲ್ ಎಂಥದ್ದೆಂದು ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿ ಯಾರೂ ಯಾರನ್ನೂ ನಂಬಿಸಿಲ್ಲ.

ಇದೇ ಕಾರಣಕ್ಕೆ, ಆಟವೇ ಕೊಟ್ಟ 'ಆಟೋ' ಗುಂಡಿಯನ್ನು ಬಳಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. 'ಲಿನೇಜ್ 2: ರೆವಲ್ಯೂಷನ್' ತರಹದ ಮೊಬೈಲ್ ಆಟಗಳಲ್ಲಿ ಒಂದು ಗುಂಡಿ ಒತ್ತಿದರೆ ಪಾತ್ರ ತಾನೇ ನಡೆದು ತಾನೇ ಹೋರಾಡುತ್ತದೆ. ಈವ್ ಆನ್‌ಲೈನ್‌ನಲ್ಲಿ ಆಟಗಾರ ಕಂಪ್ಯೂಟರ್ ಮುಚ್ಚಿ ಹೋದರೂ ಪಾತ್ರದ ಕಲಿಕೆ ಗಡಿಯಾರದ ಪ್ರಕಾರ ನಡೆಯುತ್ತಲೇ ಇರುತ್ತದೆ. ಅಲ್ಲಿ ಲೆವೆಲ್‌ನ ಅರ್ಥವೇ ಬೇರೆ, ಮತ್ತು ಆ ಅರ್ಥ ಎಲ್ಲರಿಗೂ ಒಂದೇ. ಒಬ್ಬ ಉಮ್ಮ ಮಗನ ಮೊಬೈಲ್ ತಂದು ತೋರಿಸಿ, "ಇದು ತಾನಾಗಿ ಆಡುತ್ತಿದೆ, ಇದೂ ಹರಾಮಾ ಉಸ್ತಾದರೇ?" ಎಂದು ಗಾಬರಿಯಿಂದ ಕೇಳಿದ್ದರು. ಅದರ ಆಟವೇ ಹಾಗೆ ಎಂದೆ. ತಾನಾಗಿ ಆಡುವ ಆಟವನ್ನು ಮಗ ಯಾಕೆ ನೋಡುತ್ತಾ ಕೂರುತ್ತಾನೆ ಎಂದು ಅವರು ಕೇಳಿದ ಮುಂದಿನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಕೈ ಸರಿಯಿಲ್ಲದವರ ವಿಷಯ ಬೇರೆ. ಒಂದೇ ಕೈಯಲ್ಲಿ ಆಡುವವನು ನಾಲ್ಕು ಗುಂಡಿಗಳ ಕೆಲಸವನ್ನು ಒಂದರಲ್ಲಿ ಸೇರಿಸಿಕೊಂಡರೆ ಅವನು ಆಟದಿಂದ ದೂರ ಹೋಗುತ್ತಿಲ್ಲ, ಆಟದೊಳಕ್ಕೆ ಬರುತ್ತಿದ್ದಾನೆ. ಅಂಥವರು ಕಂಪನಿಗೆ ಬರೆದು ಕೇಳಿಕೊಳ್ಳುವುದು ಉತ್ತಮ.

ಇನ್ನು, ಮುಚ್ಚಿಟ್ಟ ಲೆವೆಲ್ ಮನಸ್ಸಿಗೆ ಏನು ಮಾಡುತ್ತದೆ ಎಂಬ ಮಾತು. ಪ್ರವಚನದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ. ಅಸ್ಮಾ ಬಿಂತ್ ಅಬೂಬಕರ್(ರ) ವರದಿ ಮಾಡಿದ ಒಂದು ಪ್ರಸಂಗ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಒಬ್ಬ ಮಹಿಳೆ ಪ್ರವಾದಿ(ಸ)ರ ಬಳಿ ಬಂದು, ಗಂಡ ಕೊಡದ ವಸ್ತುವನ್ನು ಕೊಟ್ಟಿದ್ದಾನೆಂದು ಸವತಿಯ ಎದುರು ತೋರಿಸಿಕೊಂಡರೆ ತಪ್ಪೇ ಎಂದು ಕೇಳಿದರು. ತನಗೆ ಸಿಗದ್ದನ್ನು ಸಿಕ್ಕಿದೆಯೆಂದು ತೋರಿಸಿಕೊಳ್ಳುವವನು ಸುಳ್ಳಿನ ಎರಡು ಉಡುಪು ತೊಟ್ಟವನಂತೆ ಎಂಬರ್ಥದಲ್ಲಿ ಪ್ರವಾದಿ(ಸ) ಉತ್ತರಿಸಿದರು. ಎಷ್ಟು ಚಿಕ್ಕ ವಿಷಯ ನೋಡಿ. ಯಾರ ಸೊತ್ತೂ ಹೋಗಿಲ್ಲ, ಯಾರಿಗೂ ಗಾಯವಾಗಿಲ್ಲ, ಮನೆಯೊಳಗಿನ ಒಂದು ಜಂಬ. ಆದರೂ ಅದಕ್ಕೆ ಸುಳ್ಳಿನ ಹೆಸರು ಬಂತು. ತಾವು ಮಾಡದ ಕೆಲಸಕ್ಕೆ ಹೊಗಳಿಕೆ ಬಯಸುವವರ ಬಗ್ಗೆ ಸೂರಃ ಆಲಿ ಇಮ್ರಾನ್‌ನಲ್ಲೂ ಕಠಿಣವಾದ ಮಾತಿದೆ.

ಗೆಲುವು ಸೋಲಿನ ಬಗ್ಗೆ ನಮ್ಮ ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಪ್ರಸಂಗವನ್ನು ಅನಸ್(ರ) ತಿಳಿಸಿದ್ದಾರೆ. ಪ್ರವಾದಿ(ಸ)ರ ಅದ್ಬಾ ಎಂಬ ಒಂಟೆಯನ್ನು ಓಟದಲ್ಲಿ ಯಾವ ಒಂಟೆಯೂ ಹಿಂದೆ ಹಾಕಿರಲಿಲ್ಲ. ಒಮ್ಮೆ ಒಬ್ಬ ಬದೂವಿ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಸೋಲಿಸಿದ. ಸಹಾಬಿಗಳಿಗೆ ಬಹಳ ಬೇಸರವಾಯಿತು. ಲೋಕದಲ್ಲಿ ಮೇಲೇರಿದ ಯಾವುದನ್ನೂ ಕೆಳಗಿಳಿಸದೆ ಬಿಡುವುದಿಲ್ಲ ಎಂಬುದು ಅಲ್ಲಾಹನ ಹಕ್ಕು ಎಂಬರ್ಥದಲ್ಲಿ ಪ್ರವಾದಿ(ಸ) ಅವರನ್ನು ಸಮಾಧಾನಪಡಿಸಿದರು. ಓಟದಿಂದ ಒಂಟೆಯನ್ನು ಹಿಂದೆಗೆಯಲಿಲ್ಲ, ಬದೂವಿಯ ಮೇಲೆ ಆಕ್ಷೇಪವೆತ್ತಲಿಲ್ಲ. ಆಡುವುದನ್ನೇ ಹರಾಮ್ ಎನ್ನಬೇಕಿತ್ತು ಎಂದ ನಮ್ಮ ಹಿರಿಯರಿಗೂ ಇದೇ ಉತ್ತರ. ಅವರು ಓಟವನ್ನು ನಿಲ್ಲಿಸಿದವರಲ್ಲ. ಕುದುರೆ ಓಟ ಏರ್ಪಡಿಸಿದಾಗ ಪಳಗಿಸಿ ತಯಾರು ಮಾಡಿದ ಕುದುರೆಗಳಿಗೆ ಉದ್ದದ ದಾರಿ, ತಯಾರಾಗದವಕ್ಕೆ ಗಿಡ್ಡ ದಾರಿ ಎಂದು ಬೇರೆ ಬೇರೆಯಾಗಿ ಓಡಿಸಿದ್ದನ್ನು ಇಬ್ನು ಉಮರ್(ರ) ಹೇಳಿದ್ದಾರೆ. ಸಮ ಸಮರ ನಡುವೆ ಓಟವಿರಲಿ ಎಂಬ ಎಚ್ಚರ ಅದರಲ್ಲಿದೆ. ನಿದ್ರಿಸದ ಯಂತ್ರವನ್ನು ಮನುಷ್ಯರ ಸಾಲಿನಲ್ಲಿ ನಿಲ್ಲಿಸುವುದು ಆ ಎಚ್ಚರಕ್ಕೆ ವಿರುದ್ಧ. ದಕ್ಷಿಣ ಕೊರಿಯಾದಲ್ಲಿ ಹಣ ಪಡೆದು ಬೇರೆಯವರ ಪರವಾಗಿ ಆಡಿ ರ್‍ಯಾಂಕ್ ಏರಿಸಿಕೊಡುವ ದಂಧೆಗೆ 2019ರಿಂದ ಎರಡು ವರ್ಷದವರೆಗೆ ಸೆರೆವಾಸದ ಶಿಕ್ಷೆ ಇದೆ. ಅಷ್ಟು ಕಠಿಣ ಕಾನೂನು ಬೇಕೇ ಎಂಬುದು ಬೇರೆ ಪ್ರಶ್ನೆ. ಅಲ್ಲಿನವರು ಅದನ್ನು ಬರೀ ಆಟವೆಂದು ತಳ್ಳಿಹಾಕಲಿಲ್ಲ ಎಂಬುದು ಮಾತ್ರ ಸತ್ಯ.

ಈಗ 14,000 ರೂಪಾಯಿಯ ವಿಷಯಕ್ಕೆ ಬರೋಣ. ನಾನು ಮುಫ್ತಿಯಲ್ಲ. ಇಲ್ಲಿ ಬರೆಯುವುದು ಎರಡು ಮನೆಗಳ ನಡುವೆ ನಾನು ಹೇಳಿದ ಮಾತೇ ಹೊರತು ಫತ್ವಾ ಅಲ್ಲ. ದೊಡ್ಡ ಮೊತ್ತದ ವ್ಯವಹಾರವಿದ್ದವರು ಉಲಮಾಗಳನ್ನು ಕೇಳಬೇಕು.

ನಾನು ಹುಡುಗನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಿನಗೆ ಈ ಆಟದಲ್ಲಿ ಇನ್ನೊಂದು ಅಕೌಂಟ್ ಇದೆಯಾ?"

"ಇದೆ ಉಸ್ತಾದ್. ಮೂರು ವರ್ಷದಿಂದ ನಾನೇ ಆಡುವುದು."

"ಅದರಲ್ಲಿ ಬಾಟ್ ಓಡಿಸಿದ್ದೀಯಾ?"

"ಇಲ್ಲ."

"ಯಾಕೆ?"

ಅವನು ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಅವನ ತಂದೆಗೆ ಆಟದ ಗಂಧಗಾಳಿ ಇಲ್ಲ, ಆದರೆ ಈ ಮೌನ ಅವರಿಗೆ ಅರ್ಥವಾಯಿತು. ತನ್ನದನ್ನು ಯಾವ ಭಯದಿಂದ ಕಾಪಾಡಿಕೊಂಡಿದ್ದನೋ, ಆ ಭಯವಿರುವ ವಸ್ತುವನ್ನೇ ಅಣ್ಣನಿಗೆ ಮಾರಿದ್ದ, ಭಯದ ವಿಷಯ ಮಾತ್ರ ಹೇಳಿರಲಿಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿದ್ದು, ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ್ದು ನಮಗೆಲ್ಲ ಗೊತ್ತಿರುವ ಹದೀಸ್. ಇಲ್ಲಿ ಒದ್ದೆ ಧಾನ್ಯ ಎಂದರೆ ಆ ನಾಲ್ಕು ತಿಂಗಳ ಬಾಟ್. ದೋಷ ಮುಚ್ಚಿ ಮಾರಿದ ವಸ್ತುವನ್ನು ಹಿಂದಿರುಗಿಸಿ ಬೆಲೆ ಪಡೆಯುವ ಹಕ್ಕು ಕೊಂಡವನಿಗಿದೆ. ಇಲ್ಲಿ ಹಿಂದಿರುಗಿಸಲು ವಸ್ತುವೇ ಉಳಿದಿಲ್ಲ, ಆದರೆ ಅದು ಇಲ್ಲವಾದದ್ದು ಆ ದೋಷದಿಂದಲೇ. ಅದಲ್ಲದೆ ಅಕೌಂಟ್ ಮಾರುವುದನ್ನೂ ಆ ಆಟದ ಷರತ್ತುಗಳು ನಿಷೇಧಿಸುತ್ತವೆ. ಅದು ಕಂಪನಿ ಬಳಸಲು ಕೊಟ್ಟದ್ದು, ಅವನ ಸೊತ್ತಲ್ಲ. ಆದ್ದರಿಂದ ಪೂರ್ತಿ ಹಣ ಹಿಂದಕ್ಕೆ ಕೊಡಬೇಕು ಎಂದೆ.

"ನಾಲ್ಕು ತಿಂಗಳ ನನ್ನ ಶ್ರಮಕ್ಕೆ ಏನೂ ಇಲ್ಲವಾ?" ಎಂದು ಅವನು ಕೇಳಿದ. "ಶ್ರಮ ಲ್ಯಾಪ್‌ಟಾಪಿನದು, ಕರೆಂಟು ನನ್ನದು" ಎಂದರು ಅವನ ತಂದೆ. ಕೋಣೆಯಲ್ಲಿ ಆ ದಿನ ಮೊದಲ ಬಾರಿಗೆ ನಗು ಕೇಳಿಸಿತು.

ಜುಬೈಲ್‌ನ ಅಣ್ಣನೊಂದಿಗೆ ಫೋನಿನಲ್ಲಿ ಮಾತನಾಡಿದೆ. ಅವನದೂ ಪೂರ್ತಿ ಸಾಚಾತನವಲ್ಲ. ಮಾರಾಟ ನಿಷಿದ್ಧ ಎಂದು ಅವನಿಗೆ ಗೊತ್ತಿತ್ತು. ಇಷ್ಟು ಬೇಗ ಇಷ್ಟು ಲೆವೆಲ್ ಹೇಗೆ ಬಂತು ಎಂದು ಕೇಳಬೇಕಾದ ಜಾಗದಲ್ಲಿ ಕೇಳಿರಲಿಲ್ಲ. ರೂಮಿನವರ ಮುಂದೆ ತೋರಿಸಿಕೊಳ್ಳಲು ಅವಸರವಿತ್ತು ಎಂದು ಅವನೇ ಒಪ್ಪಿಕೊಂಡ. ಆದರೆ ಅವನ ತಪ್ಪಿನಿಂದ ತಮ್ಮನ ಸಾಲ ತೀರುವುದಿಲ್ಲ ಎಂದು ಇಬ್ಬರಿಗೂ ಹೇಳಿದೆ.

ಮನೆಯಲ್ಲಿ ಮಕ್ಕಳು ಆಡುವುದನ್ನು ನೋಡುವ ತಂದೆ ತಾಯಂದಿರು ಬಾಟ್, ಮ್ಯಾಕ್ರೋ ಎಂಬ ಪದಗಳನ್ನೆಲ್ಲ ಕಲಿಯಬೇಕಾಗಿಲ್ಲ. ರಾತ್ರಿ ಕಂಪ್ಯೂಟರ್ ಯಾಕೆ ಆರಿಲ್ಲ ಎಂದು ಕೇಳಿ. ನಿನ್ನ ಜೊತೆ ಆಡುವವರಿಗೆ ಇದು ಗೊತ್ತಾ, ಗೊತ್ತಾದರೆ ಏನನ್ನುತ್ತಾರೆ ಎಂದು ಕೇಳಿ. ಮಗ ಸಹಜವಾಗಿ ಉತ್ತರಿಸಿದರೆ ಅಲ್ಲಿಗೆ ಬಿಡಿ. ಮುಖ ಬೇರೆ ಕಡೆ ತಿರುಗಿಸಿದರೆ ಗದರಬೇಡಿ, ಪಕ್ಕದಲ್ಲಿ ಕುಳಿತು ತೋರಿಸು ಎನ್ನಿ. ಈ ಪ್ರೋಗ್ರಾಂ ಬರೆಯುವ ಮಕ್ಕಳು ದಡ್ಡರಲ್ಲ. ನಮ್ಮ ಈ ಹುಡುಗ ಯಾರೂ ಕಲಿಸದೆ ತಾನೇ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ವಿದ್ಯೆಗೆ ಹೊರಗೆ, ಮುಚ್ಚಿಡಬೇಕಾಗದ ಕೆಲಸಗಳು ಬೇಕಾದಷ್ಟಿವೆ.

ಅವನು ಈಗ ರಜಾ ದಿನಗಳಲ್ಲಿ ಪೇಟೆಯ ಮೊಬೈಲ್ ಅಂಗಡಿಯೊಂದರಲ್ಲಿ ಕೂರುತ್ತಾನೆ. ಕೈಯಲ್ಲಿ ಉಳಿದಿದ್ದ 8,000 ರೂಪಾಯಿಯನ್ನು ಆ ವಾರವೇ ಕಳಿಸಿದ. ಉಳಿದದ್ದನ್ನು ಬಿಟ್ಟುಬಿಡುತ್ತೇನೆ ಎಂದು ಅಣ್ಣ ಹೇಳಿದ್ದ. ಹುಡುಗನ ತಂದೆ ಒಪ್ಪಲಿಲ್ಲ. ತಿಂಗಳಿಗೆ 1,500ರಂತೆ ನಾಲ್ಕು ಕಂತು ಎಂದು ನಿಗದಿಯಾಯಿತು, ಮೂರು ಸಂದಿವೆ. ಹೆಸರು, ಊರು ಬರೆಯಬಾರದು ಎಂಬ ಷರತ್ತಿನ ಮೇಲೆ ಇದನ್ನು ಪತ್ರಿಕೆಗೆ ಕೊಡಲು ಇಬ್ಬರೂ ಒಪ್ಪಿದ್ದಾರೆ.